ರಾಜ್‌ಕುಮಾರ್ ಬರೆಯಲು ಒಂದು ಶಾರ್ಟ್‌ಕಟ್

ನಾನು ಕನ್ನಡ ಪುಸ್ತಕಗಳ ಕರಡು ತಿದ್ದುವವಳು. ಕೆಲಸವೆಲ್ಲ ವಿಎಸ್ ಕೋಡ್ ಅನ್ನುವ ಎಡಿಟರ್‌ನಲ್ಲಿ, ಮಾರ್ಕ್‌ಡೌನ್ ಫೈಲುಗಳಲ್ಲಿ, ಅಂದರೆ ಸರಳ ಗುರುತುಗಳಿರುವ ಬರೀ ಪಠ್ಯದ ಫೈಲುಗಳಲ್ಲಿ. ನನಗೆ ಜಾಸ್ತಿ ಬೇಕಾಗುವುದು ಕಣ್ಣಿಗೇ ಕಾಣದ ಒಂದು ಅಕ್ಷರ: ಜೀರೋ ವಿಡ್ತ್ ನಾನ್ ಜಾಯ್ನರ್. ಎರಡು ವ್ಯಂಜನ ಸೇರಿ ಒತ್ತಕ್ಷರ ಆಗದಂತೆ ತಡೆಯುವುದು ಅದರ ಕೆಲಸ. ಅದು ಇಲ್ಲದಿದ್ದರೆ ರಾಜ್‌ಕುಮಾರ್ ಅನ್ನೋದು ರಾಜ್ಕುಮಾರ್ ಆಗಿಬಿಡುತ್ತದೆ. ಅದಕ್ಕೇ ಒಂದು ಕೀ ಮೀಸಲಿಡೋಣ. ಕೀಗಳ ಹೆಸರು ವಿಂಡೋಸ್‌ನವು.

ಮೊದಲು ಖಾಲಿ ಕೀ ಹುಡುಕಬೇಕು. ಕಂಟ್ರೋಲ್+ಕೆ, ಹಿಂದೆಯೇ ಕಂಟ್ರೋಲ್+ಎಸ್ ಒತ್ತಿ. ಶಾರ್ಟ್‌ಕಟ್‌ಗಳ ಪಟ್ಟಿ ತೆರೆಯುತ್ತದೆ. ಹುಡುಕುವ ಜಾಗದ ಬಲತುದಿಯಲ್ಲಿ ರೆಕಾರ್ಡ್ ಕೀಸ್ ಅನ್ನುವ ಪುಟ್ಟ ಕೀಬೋರ್ಡ್ ಚಿತ್ರವಿದೆ. ಅದನ್ನು ಒತ್ತಿ, ಆಮೇಲೆ ನಿಮಗೆ ಬೇಕಾದ ಕೀ ಒತ್ತಿ. ಅದು ಈಗಾಗಲೇ ಯಾರ ಕೈಯಲ್ಲಿದೆ ಅಂತ ಕಾಣುತ್ತದೆ. ಆಲ್ಟ್+ಎಫ್, ಆಲ್ಟ್+ಇ, ಆಲ್ಟ್+ವಿ ಬೇಡ, ಅವು ಮೆನು ತೆರೆಯುವ ಕೀಗಳು. ಕಂಟ್ರೋಲ್+ಆಲ್ಟ್ ಜೋಡಿಯೂ ನನಗೆ ಸರಿಬರುವುದಿಲ್ಲ. ಕೆಲವು ಕೀಬೋರ್ಡ್ ಲೇಔಟ್‌ಗಳಲ್ಲಿ ಅದರಿಂದಲೇ ಅಕ್ಷರ ಮೂಡುತ್ತದೆ. ನಾನು ಇಟ್ಟುಕೊಂಡಿರುವುದು ಆಲ್ಟ್+ಜೆ.

ಪಟ್ಟಿಯ ಮೇಲ್ಗಡೆ ಬಲಗಡೆಯ ಐಕಾನ್ ಒತ್ತಿದರೆ ಕೀಬೈಂಡಿಂಗ್ಸ್ ಜೇಸನ್ ಫೈಲ್ ಬರುತ್ತದೆ, ನಮ್ಮ ಸ್ವಂತ ಶಾರ್ಟ್‌ಕಟ್‌ಗಳನ್ನು ಬರೆದಿಡುವ ಫೈಲ್ ಅದು. ಚೌಕ ಕಂಸದೊಳಗೆ ನಮ್ಮ ನಿಯಮ ಸೇರಿಸಬೇಕು, ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲೇ. 'ಕೀ' ಎದುರು ಆಲ್ಟ್+ಜೆ. 'ಕಮಾಂಡ್' ಎದುರು ಬರೀ ಟೈಪ್. 'ಆರ್ಗ್ಸ್' ಒಳಗೆ 'ಟೆಕ್ಸ್ಟ್', ಅದರ ಎದುರು ಬ್ಯಾಕ್‌ಸ್ಲ್ಯಾಶ್, ಯು, 200ಸಿ, ನಡುವೆ ಜಾಗ ಬಿಡದೆ. ಕೊನೆಗೆ 'ವೆನ್' ಎದುರು ಎಡಿಟರ್‌ಟೆಕ್ಸ್ಟ್‌ಫೋಕಸ್. ಈ 'ವೆನ್' ಬಿಡಬೇಡಿ. ಅದಿದ್ದರೆ ಕರ್ಸರ್ ಬರಹದೊಳಗೆ ಇದ್ದಾಗ ಮಾತ್ರ ನಮ್ಮ ನಿಯಮ ನಡೆಯುತ್ತದೆ, ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪಿಸುವ ಕಿಟಕಿ) ಅದೇ ಕೀ ತನ್ನ ಪಾಡಿಗೆ ತಾನು ಇರುತ್ತದೆ.

ಒಂದೇ ಕೀಗೆ ಎರಡು ನಿಯಮ ಹೊಂದಿದರೆ ಫೈಲಿನಲ್ಲಿ ಕೆಳಗಿರುವುದೇ ಗೆಲ್ಲುತ್ತದೆ. ನಮ್ಮದು ಮೂಲ ನಿಯಮಗಳಿಗಿಂತ ಕೆಳಗೆ ಸೇರುವುದರಿಂದ ಅವನ್ನು ಸದ್ದಿಲ್ಲದೆ ಮುಚ್ಚಿಹಾಕುತ್ತದೆ. ಎಚ್ಚರಿಕೆ ಗಿಚ್ಚರಿಕೆ ಏನೂ ಬರಲ್ಲ. ಹಾಗಾಗಿ ಸೇವ್ ಮಾಡಿದ ಮೇಲೆ ಪಟ್ಟಿಗೆ ಹೋಗಿ, ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಶೋ ಸೇಮ್ ಕೀಬೈಂಡಿಂಗ್ಸ್' ನೋಡಿ. ಬೇಡದ್ದು ಕಂಡರೆ ಅಲ್ಲೇ 'ರಿಮೂವ್ ಕೀಬೈಂಡಿಂಗ್' ಒತ್ತಿ.

ಕನ್ನಡ ಟೈಪಿಸುವವರಿಗೆ ಇನ್ನೊಂದು ಕಾಟವಿದೆ. ವಿಂಡೋಸ್‌ನಲ್ಲಿ ಕನ್ನಡ ಸೇರಿಸಿಕೊಂಡವರಿಗೆ ಎಡಗಡೆಯ ಆಲ್ಟ್+ಶಿಫ್ಟ್ ಭಾಷೆ ಬದಲಿಸುವ ಕೀ. ವಿಎಸ್ ಕೋಡ್‌ನಲ್ಲಿ ಶಿಫ್ಟ್+ಆಲ್ಟ್+ಎಫ್ ಅಂದರೆ ಫಾರ್ಮ್ಯಾಟ್, ಫೈಲನ್ನು ಓರಣ ಮಾಡುವ ಕೀ. ಎಫ್ ಒತ್ತುವ ಮೊದಲೇ ಬೆರಳು ಎತ್ತಿದಿರೋ, ಭಾಷೆ ಬದಲಾಗಿರುತ್ತದೆ! ಅಡ್ವಾನ್ಸ್‌ಡ್ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್' ತೆರೆದು ಅದನ್ನು 'ನಾಟ್ ಅಸೈನ್ಡ್' ಮಾಡಿ. ಭಾಷೆ ಬದಲಿಸಲು ವಿಂಡೋಸ್+ಸ್ಪೇಸ್ ಇದ್ದೇ ಇದೆ ಅಲ್ವಾ? ಮ್ಯಾಕ್‌ನಲ್ಲಿ ಇದೇ ಜಗಳ ಕಂಟ್ರೋಲ್+ಸ್ಪೇಸ್‌ಗೆ.

ಇಷ್ಟಾದರೂ ಕೀ ಕೆಲಸ ಮಾಡದಿದ್ದರೆ ಸುಮ್ನೆ ಊಹೆ ಮಾಡುತ್ತಾ ಕೂರಬೇಡಿ. ಕಂಟ್ರೋಲ್+ಶಿಫ್ಟ್+ಪಿ ಒತ್ತಿ 'ಟಾಗಲ್ ಕೀಬೋರ್ಡ್ ಶಾರ್ಟ್‌ಕಟ್ಸ್ ಟ್ರಬಲ್‌ಶೂಟಿಂಗ್' ಆರಿಸಿ. ಒತ್ತಿದ ಪ್ರತಿ ಕೀ ಯಾವ ಕಮಾಂಡಿಗೆ ಹೋಯಿತು ಅಂತ ಕೆಳಗೆ ಮೂಡುತ್ತದೆ. ಏನೂ ಮೂಡದಿದ್ದರೆ ಆ ಕೀ ವಿಎಸ್ ಕೋಡ್‌ವರೆಗೆ ಬಂದೇ ಇಲ್ಲ. ಹಿಂದೆ ಓಡುತ್ತಿರುವ ಬೇರೆ ಸಾಫ್ಟ್‌ವೇರ್‌ಗಳನ್ನು ಒಂದೊಂದಾಗಿ ಮುಚ್ಚಿ ನೋಡಿ.