ಆಂಟಿಬಾಡಿ ಇಲ್ಲದೆ ಪಿ-ಗ್ಲೈಕೋಪ್ರೋಟೀನ್ ಅಳತೆ: ನನ್ನ ಅನುಭವ

ಪಿ-ಗ್ಲೈಕೋಪ್ರೋಟೀನ್ ಎಂದರೆ ಔಷಧಿ, ಬಣ್ಣಗಳನ್ನು ಕೋಶದಿಂದ ಹೊರದೂಡುವ ಪಂಪ್. ಬರೀ ರೋಡಮೀನ್ 123 ಎಂಬ ಹೊಳೆಯುವ ಬಣ್ಣ ಇಟ್ಟುಕೊಂಡು ಅದನ್ನು ಅಳೆಯಲಾಗದು ಎಂದವರೇ ಹೆಚ್ಚು. ಈ ಪಂಪಿಗೆ ಅಂಟುವ ಎಂಆರ್‌ಕೆ16 ಆಂಟಿಬಾಡಿಗೆ ಹತ್ತಾರು ಸಾವಿರ ಸುರಿದರೂ ಮಾಮೂಲಿ ಲಿಂಫೋಸೈಟ್‌ಗಳಲ್ಲಿ (ಒಂದು ಬಗೆಯ ಬಿಳಿ ರಕ್ತಕಣ) ಸಿಗ್ನಲ್ ಐಸೋಟೈಪ್‌ಗಿಂತ (ಪಂಪಿಗೆ ಅಂಟದ, ಹೋಲಿಕೆಯ ಆಂಟಿಬಾಡಿ) ಸ್ವಲ್ಪವೇ ಮೇಲೆ. ಬಣ್ಣ ಹೊರಹಾಕುವುದನ್ನೇ ಫ್ಲೋ ಸೈಟೋಮೀಟರ್‌ನಲ್ಲಿ (ಒಂದೊಂದೇ ಕೋಶದ ಹೊಳಪು ಓದುವ ಯಂತ್ರ) ಅಳೆದರೆ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ.

ಫೈಕಾಲ್ ದ್ರವದಲ್ಲಿ ರಕ್ತದಿಂದ ಬೇರ್ಪಡಿಸಿದ ಕೋಶಗಳು ಮಿ.ಲೀ.ಗೆ ಸುಮಾರು ಹತ್ತು ಲಕ್ಷ, ರೋಡಮೀನ್ 200 ನ್ಯಾನೋಗ್ರಾಂ, 37 ಡಿಗ್ರಿಯಲ್ಲಿ ಅರ್ಧ ಗಂಟೆ. ಐಸ್‌ನಷ್ಟು ತಣ್ಣಗಿನ ಮೀಡಿಯಂನಲ್ಲಿ ಎರಡು ಸಲ ತೊಳೆದು ಮೂರು ಪಾಲು ಮಾಡುತ್ತೇನೆ: ಒಂದು ಐಸ್ ಮೇಲೆ (ಅಲ್ಲಿ ಪಂಪ್ ಓಡದು), ಇನ್ನೆರಡು 37ರಲ್ಲಿ ಒಂದೂವರೆ ಗಂಟೆ. ಆ ಎರಡರಲ್ಲಿ ಒಂದಕ್ಕೆ ಪಂಪನ್ನು ತಡೆಯುವ ಔಷಧಿ ವೆರಾಪಮಿಲ್. ಕೊನೆಗೆ ಐಸ್ ಮೇಲೆಯೇ, ಪಂಪಿಗಲ್ಲ, ಕೋಶ ಗುರುತಿಸಲು ಎರಡು ಆಂಟಿಬಾಡಿ: ಎನ್‌ಕೆ ಕೋಶಗಳಿಗೆ ಸಿಡಿ56-ಪಿಇ, ಸಿಡಿ8 ಟಿ-ಕೋಶಗಳಿಗೆ ಸಿಡಿ8-ಎಪಿಸಿ (ಪಿಇ, ಎಪಿಸಿ ಅವಕ್ಕೆ ಅಂಟಿಸಿದ ಬಣ್ಣಗಳು; ಎರಡೂ ಕೋಶ ಲಿಂಫೋಸೈಟ್‌ಗಳೇ). ಎಫ್‌ಐಟಿಸಿ (ಹಸಿರು ಬೆಳಕಿನ) ಚಾನೆಲ್ ರೋಡಮೀನ್‌ಗೇ ಬೇಕು. ಅದರ ಬೆಳಕು ಪಿಇ ಚಾನೆಲ್‌ಗೂ ಸೋರುತ್ತದೆ, ಕಾಂಪೆನ್ಸೇಶನ್ (ಆ ಸೋರಿಕೆಯನ್ನು ಕಳೆಯುವುದು) ಬಿಡಬೇಡಿ.

ವೆರಾಪಮಿಲ್‌ಗೆ ಔಷಧಿ ಅಂಗಡಿಯ ಇಂಜೆಕ್ಷನ್ ಸಾಕು. ಮಿ.ಲೀ.ಗೆ 2.5 ಮಿ.ಗ್ರಾಂ ಎಂದರೆ ಹತ್ತಿರ ಹತ್ತಿರ 5 ಮಿಲಿಮೋಲಾರ್, ಒಂದು ಮಿ.ಲೀ. ಕೋಶಕ್ಕೆ 2 ಮೈಕ್ರೋಲೀಟರ್ ಹಾಕಿದರೆ 10 ಮೈಕ್ರೋಮೋಲಾರ್. ವೆರಾಪಮಿಲ್ ಬದಲು ಸೈಕ್ಲೋಸ್ಪೋರಿನ್ (ಪಂಪ್ ತಡೆಯುವ ಇನ್ನೊಂದು ಔಷಧಿ) ಬಳಸುವುದಾದರೆ ಮಾತ್ರ ಈ ಉಳಿತಾಯ ಬೇಡ. ಅದರ ಇಂಜೆಕ್ಷನ್‌ನಲ್ಲಿ ಔಷಧಿ ಕರಗಿಸಲು ಹಾಕಿರುವ ಕ್ರೆಮೊಫೋರ್ ತಾನೇ ಪಂಪನ್ನು ತಡೆಯುತ್ತದೆ. ಪುಡಿ ತಂದು ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿ, ಹೋಲಿಕೆಗೆ ಬರೀ ಡಿಎಂಎಸ್‌ಒ ಹಾಕಿದ ಟ್ಯೂಬೊಂದನ್ನೂ ಇಡಿ.

ಕೆಡುವುದು ಹೆಚ್ಚಾಗಿ ಎರಡು ಕಡೆ. 37ರ ಹಂತದ ಮೀಡಿಯಂನಲ್ಲಿ ಅಜೈಡ್ (ಕೆಡದಂತೆ ಹಾಕುವ ರಾಸಾಯನಿಕ) ಇದ್ದರೆ ಕೋಶದ ಶಕ್ತಿಮೂಲ ಎಟಿಪಿ ಕುಸಿದು ಪಂಪ್ ನಿಲ್ಲುತ್ತದೆ. ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿಟ್ಟರೆ ಬಣ್ಣ ಸೋರುತ್ತದೆ, ಆಗಿಂದಾಗಲೇ ಓದಿಸಿ.

ಎನ್‌ಕೆ ಕೋಶಗಳು ಬಣ್ಣವನ್ನು ಚೆನ್ನಾಗಿ ಹೊರಹಾಕುತ್ತವೆ, ಸಿಡಿ8ರಲ್ಲಿ ಒಂದು ಪಾಲು ಹಾಗೆಯೇ, ಮಾನೋಸೈಟ್‌ಗಳು ಬಹುಮಟ್ಟಿಗೆ ಕದಲುವುದಿಲ್ಲ. ಹಾಗಾಗಿ ಹೋಲಿಕೆಗೆಂದು ಕೆಜಿ1ಎ ಕೋಶಗಳನ್ನು (ಈ ಪಂಪ್ ಇರುವ ರಕ್ತ ಕ್ಯಾನ್ಸರ್ ಕೋಶಗಳು) ಸಾಕುವ ಖರ್ಚೂ ಉಳಿಯಿತು. ಎನ್‌ಕೆ ಕೋಶಗಳಲ್ಲಿ ಬಣ್ಣ ಇಳಿಯದಿದ್ದರೆ ಆ ದಿನದ ಓದು ಕಸಕ್ಕೆ.

ಎಎಂಎಲ್ (ಒಂದು ಬಗೆಯ ರಕ್ತ ಕ್ಯಾನ್ಸರ್) ಮಾದರಿಯಲ್ಲಿ ಇದೇ ಎನ್‌ಕೆ, ಸಿಡಿ8 ಕೋಶಗಳು ಮೋಸ ಮಾಡುತ್ತವೆ. ಎಲ್ಲವನ್ನೂ ಒಟ್ಟಿಗೆ ಓದಿದರೆ ಮಾಮೂಲಿ ಕೋಶಗಳ ಪಂಪ್ ರೋಗಿಯ ಬ್ಲಾಸ್ಟ್‌ಗಳ (ಕ್ಯಾನ್ಸರ್ ಕೋಶಗಳ) ಲೆಕ್ಕಕ್ಕೆ ಸೇರಿ, ಕ್ಯಾನ್ಸರ್ ಔಷಧಿ ಡೌನೋರುಬಿಸಿನ್ ನಾಟುವುದಿಲ್ಲವೆಂದು ಸುಮ್ಮನೆ ಬರೆದಂತಾಗುತ್ತದೆ. ಸಿಡಿ45 ಗುರುತು ಮಂದವಾಗಿರುವ ಗುಂಪನ್ನು, ಅಂದರೆ ಬ್ಲಾಸ್ಟ್‌ಗಳನ್ನು, ಮೊದಲು ಗೇಟ್ ಮಾಡಿ (ಬೇರೆಯಾಗಿ ಆರಿಸಿ).

ಉಳಿದ ಅಫೆರೆಸಿಸ್ ಚೀಲದ (ಯಂತ್ರದಲ್ಲಿ ರಕ್ತದಿಂದ ಬೇರ್ಪಡಿಸಿ ತೆಗೆದದ್ದು) ಸಿಡಿ34 ಕೋಶಗಳಲ್ಲೂ (ರಕ್ತದ ಕಾಂಡಕೋಶಗಳು) ನೋಡಿದೆ. ತುಂಬಿಸುವಾಗಲೇ ಪಂಪ್ ಹೊರಹಾಕುವುದರಿಂದ ಬಣ್ಣ ಮೊದಲಿನಿಂದಲೇ ಕಡಿಮೆ. ವೆರಾಪಮಿಲ್ಲನ್ನು ಬಣ್ಣ ತುಂಬಿಸುವಾಗಲೇ ಹಾಕಬೇಕು.