ಮೂರು ಮುಳ್ಳುಗಳ ಯುದ್ಧಚಿತ್ರವನ್ನು ಮನೆಯವರ ಜೊತೆ ನೋಡುವ ಬಗೆ

ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ಕೈಗಡಿಯಾರ ಜೋಡಿಸುತ್ತಿದ್ದವನು ನಾನು; ಈಗ ಮನೆಯ ಮುಂದಿನ ಕೋಣೆಯಲ್ಲೇ ರಿಪೇರಿ ಅಂಗಡಿ. ಕ್ರಿಸ್ಟೋಫರ್ ನೋಲನ್ 2017ರಲ್ಲಿ ತೆಗೆದ ‘ಡನ್‌ಕರ್ಕ್’ ಹಾಕಿ ಮೊದಲ ಸಲ ಮನೆಯವರನ್ನು ಕೂರಿಸಿದಾಗ ಅರ್ಧ ಗಂಟೆಗೇ ಹೆಂಡತಿ ಅಡುಗೆಮನೆಗೆ ಎದ್ದು ಹೋದಳು, ಮೊಮ್ಮಗ ಮೊಬೈಲ್ ತೆಗೆದ. ತಪ್ಪು ನನ್ನದು, ಏನೂ ಹೇಳಿರಲಿಲ್ಲ.

ಎರಡನೆಯ ಸಲ ಊಟ ಮುಗಿಸಿಕೊಂಡು ಕುಳಿತೆವು. 106 ನಿಮಿಷದ ಚಿತ್ರ, ನಡುವೆ ನಿಲ್ಲಿಸಿದರೆ ಬಿಗಿ ಸಡಿಲವಾಗುತ್ತದೆ. ಶುರುವಿಗೆ ಮುಂಚೆ ಇಷ್ಟು ಹೇಳಿ: 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಬ್ರಿಟಿಷ್, ಫ್ರೆಂಚ್ ಸೈನಿಕರನ್ನು ಫ್ರಾನ್ಸಿನ ಡನ್‌ಕರ್ಕ್ ಎಂಬ ಊರಿನ ಕಡಲಂಚಿಗೆ ಒತ್ತಿತ್ತು. ಮೇ 26ರಿಂದ ಜೂನ್ 4ರವರೆಗೆ 3,38,226 ಮಂದಿಯನ್ನು ಹಡಗು, ದೋಣಿಗಳಲ್ಲಿ ಇಂಗ್ಲೆಂಡಿಗೆ ದಾಟಿಸಿದರು. ಅಲ್ಲಿಂದ ಇಂಗ್ಲೆಂಡಿನ ಡೋವರ್ ಬಂದರಿಗೆ ಹತ್ತಿರದ ಹಡಗುದಾರಿ ಸುಮಾರು 72 ಕಿಲೋಮೀಟರ್. ಇಲ್ಲಿಂದ ಬೆಂಗಳೂರಿಗೆ ಇರುವಷ್ಟೇ. ಆದರೆ ಆ ದಾರಿ ಜರ್ಮನ್ ಫಿರಂಗಿಗಳ ಬಾಯಿಗೆ ಸಿಕ್ಕಿತ್ತು, ಸುತ್ತಿ ಹೋಗಬೇಕಾಯಿತು. ಬೆಂಗಳೂರಿನ ಹೆಸರು ಬಂದೊಡನೆ ಮೊಮ್ಮಗ ಮೊಬೈಲ್ ಕೆಳಗಿಟ್ಟ.

ಇನ್ನು ಮುಖ್ಯವಾದದ್ದು. ಆರಂಭದಲ್ಲಿ ಪರದೆಯ ಮೇಲೆ ಅಕ್ಷರಗಳು ಮೂಡಿ ಮಾಯವಾಗುತ್ತವೆ: ದಕ್ಕೆಯಲ್ಲಿ (ಹಡಗು ಹತ್ತುವ ಕಟ್ಟೆಯಲ್ಲಿ) ಒಂದು ವಾರ, ಸಮುದ್ರದಲ್ಲಿ ಒಂದು ದಿನ, ಆಕಾಶದಲ್ಲಿ ಒಂದು ಗಂಟೆ. ಇದೊಂದು ಕಡೆ ಮಾತ್ರ ನಿಲ್ಲಿಸಿ, ಓದಿ ಹೇಳಿ. ನಾನು ಹಳೆಯ ಗಡಿಯಾರದ ಡಯಲ್ ಒಂದನ್ನು ಕೈಯಲ್ಲಿ ಹಿಡಿದು ತೋರಿಸಿದೆ. ದಕ್ಕೆಯ ಸೈನಿಕರು ಗಂಟೆಯ ಮುಳ್ಳು, ದೋಣಿಯವರು ನಿಮಿಷದ ಮುಳ್ಳು, ವಿಮಾನದವರು ಸೆಕೆಂಡಿನ ಮುಳ್ಳು. ಒಂದೇ ಡಯಲ್, ಓಟ ಬೇರೆ ಬೇರೆ. ಕೊನೆಯ ಹೊತ್ತಿಗೆ ಮೂರೂ ಒಂದರ ಮೇಲೊಂದು ಬರುತ್ತವೆ.

ಎಡವುವುದು ನಡುಗುವ ಸೈನಿಕನ ಬಳಿ. ಮುಳುಗಿದ ಹಡಗಿನ ಮೇಲೆ ಒಂಟಿಯಾಗಿ ಕುಳಿತವನನ್ನು ದೋಣಿಯವರು ಹತ್ತಿಸಿಕೊಳ್ಳುತ್ತಾರೆ. ಅವನಿಗೆ ಮಾತೇ ಹೊರಡುವುದಿಲ್ಲ. ಆಮೇಲೆ ರಾತ್ರಿಯ ಕತ್ತಲಲ್ಲಿ ಅವನೇ ಗಟ್ಟಿ ದನಿಯಲ್ಲಿ ಅಪ್ಪಣೆ ಕೊಡುತ್ತಿರುತ್ತಾನೆ. “ಇವನು ಯಾವಾಗ ಸುಧಾರಿಸಿಕೊಂಡ?” ಎಂದಳು ಹೆಂಡತಿ. ಸುಧಾರಿಸಿಕೊಂಡದ್ದಲ್ಲ, ಅದು ಹಿಂದಿನ ರಾತ್ರಿ. ಇನ್ನೂ ಏಟು ಬಿದ್ದಿರಲಿಲ್ಲ. ಇದನ್ನು ಮೊದಲೇ ಹೇಳಿ ಕೆಡಿಸಬೇಡಿ, ಕೇಳಿದಾಗ ಹೇಳಿ.

ವಿಮಾನದಲ್ಲಿ ಇಂಧನದ ಮಾಪಕ ಕೆಡುತ್ತದೆ. ಪೈಲಟ್ ಸೀಮೆಸುಣ್ಣದಿಂದ ಲೆಕ್ಕ ಗೀಚಿಕೊಂಡು, ಕೈಗಡಿಯಾರ ನೋಡಿಕೊಂಡೇ ಹಾರಿಸುತ್ತಾನೆ. ನನ್ನ ಕಸುಬಿನವರಿಗೆ ಇಡೀ ಚಿತ್ರದಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ.

ಚಿತ್ರದಲ್ಲಿ ಇಲ್ಲದ್ದೊಂದನ್ನು ಮುಗಿದ ಮೇಲೆ ನೀವೇ ಸೇರಿಸಬೇಕು. ಆ ದಿನಗಳಲ್ಲಿ ಫ್ರಾನ್ಸಿನಲ್ಲಿ ಭಾರತೀಯ ಸೈನಿಕರೂ ಇದ್ದರು. 1939ರ ಡಿಸೆಂಬರಿನಲ್ಲಿ ಮಾರ್ಸೇಲ್ಸ್ ಬಂದರಿಗೆ ಇಳಿದ ಹೇಸರಗತ್ತೆ ಪಡೆಗಳು ಅವು, ಸರಂಜಾಮು ಸಾಗಿಸಲು ಹೋದವು. ಡನ್‌ಕರ್ಕ್‌ನಿಂದ ಹೊರಟಾಗ ಗಂಡಸರು ಹಡಗು ಹತ್ತಿದರು, ಹೇಸರಗತ್ತೆಗಳನ್ನು ಬಿಟ್ಟು ಬರಬೇಕಾಯಿತು. ಒಂದು ಪಡೆ ಜರ್ಮನರ ಕೈಗೆ ಸೆರೆಯೂ ಸಿಕ್ಕಿತು.

ಸದ್ದಿನ ವಿಷಯ ಮರೆತಿದ್ದೆ. ಫ್ಯಾನ್ ಆರಿಸಿ, ಟಿವಿಯ ದನಿ ಏರಿಸಿ. ಸಂಗೀತದ ಅಡಿಯಲ್ಲಿ ಓಡುವ ಟಿಕ್ ಟಿಕ್ ನೋಲನ್ ಅವರ ಸ್ವಂತ ಗಡಿಯಾರದ್ದು. ಅದನ್ನು ಧ್ವನಿಮುದ್ರಿಸಿ ಸಂಗೀತ ನಿರ್ದೇಶಕ ಹ್ಯಾನ್ಸ್ ಝಿಮ್ಮರ್ ಅವರಿಗೆ ಕೊಟ್ಟಿದ್ದರು. ಅದು ಎಲ್ಲಿ ನಿಲ್ಲುತ್ತದೆ ಎಂದು ಕಿವಿಗೊಡಲು ಮೊಮ್ಮಗನಿಗೆ ಹೇಳಿದ್ದೆ. ನಿಂತೊಡನೆ ನನ್ನ ಮೊಣಕಾಲು ತಟ್ಟಿದ.