ಕಲ್ಲಿನ ನಡುವೆ ಕಲ್ಲಿನ ಊರು: ಪೆರುವಿನಲ್ಲಿ ನಾನು ಮಾಡಿದ ಡ್ರೋನ್ ಸರ್ವೆ

ಪೆರು ದೇಶದ ದಕ್ಷಿಣ ಕರಾವಳಿಯಲ್ಲಿ, ಚಾಲಾ ಊರಿನ ಹತ್ತಿರ, ಪುಯೆರ್ಟೊ ಇಂಕಾ ಎಂಬ ಸಣ್ಣ ಕೊಲ್ಲಿ ಇದೆ. ಇಂಕಾ ಜನ ಅಲ್ಲಿ ಸಮುದ್ರದ ಪಕ್ಕದಲ್ಲೇ ಕಲ್ಲಿನ ಮನೆ, ಉಗ್ರಾಣ ಕಟ್ಟಿದ್ದರು. ಅಲ್ಲಿಂದ ಅವರ ದಾರಿ ಬೆಟ್ಟ ಹತ್ತಿ ಅವರ ರಾಜಧಾನಿಯಾಗಿದ್ದ ಕುಸ್ಕೊ ಕಡೆಗೆ ಹೋಗುತ್ತದೆ. ಆ ಜಾಗದ ನಕ್ಷೆ ಮಾಡುವ ತಂಡದಲ್ಲಿ ಡ್ರೋನ್ ಕೆಲಸ ನನ್ನದು.

ಮೊದಲ ದಿನ 60 ಮೀಟರ್ ಎತ್ತರದಲ್ಲಿ ಹಾರಿಸಿದೆ. ಫೋಟೊದ ಒಂದು ಪಿಕ್ಸೆಲ್‌ಗೆ ನೆಲದ ಸುಮಾರು 1.6 ಸೆಂ.ಮೀ. ಅಷ್ಟು ಸ್ಪಷ್ಟವಾಗಿದ್ದರೂ ಗೋಡೆಗಳೇ ಕಾಣಲಿಲ್ಲ. ಗೋಡೆಯೂ ಅದೇ ಕಲ್ಲು, ಗುಡ್ಡವೂ ಅದೇ ಕಲ್ಲು ಅಲ್ವಾ? ಮೇಲೆ ಚಳಿಗಾಲದ ಮಂಜು, ಎಲ್ಲೂ ನೆರಳಿಲ್ಲ. ಆದರೆ ಫೋಟೊಗಳನ್ನು ಜೋಡಿಸಿ ನೆಲದ ಏರಿಳಿತದ ಮಾಡೆಲ್ ಕಟ್ಟಲು ಆ ಮಂದ ಬೆಳಕೇ ಒಳ್ಳೆಯದು. ಹಾಗಾಗಿ ಬಣ್ಣ ಬಿಟ್ಟು ಎತ್ತರ ನೋಡಿದೆ. ಎತ್ತರದ ಮಾಡೆಲ್ ಮೇಲೆ ಕಂಪ್ಯೂಟರಿನಲ್ಲೇ ಓರೆ ಬಿಸಿಲು ಬಿಟ್ಟೆ. ಒಂದೇ ದಿಕ್ಕಿನಿಂದ ಬಿಟ್ಟರೆ ಆ ದಿಕ್ಕಿಗೇ ಸಾಗುವ ಗೋಡೆ ಅಡಗಿಬಿಡುತ್ತದೆ. ನಾಲ್ಕೂ ಕಡೆಯಿಂದ ಬಿಟ್ಟಾಗ ಒಂದೊಂದೇ ಕೋಣೆ ಎದ್ದು ಬಂತು. ಬಾಗಿಲಿನ ಜಾಗವೂ ಗೊತ್ತಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನಿಂದ ಒಂದು ತಪ್ಪೂ ಆಯಿತು. ಡ್ರೋನ್ 60 ಮೀಟರ್ ಎಣಿಸುವುದು ಹಾರಿದ ಜಾಗದಿಂದ. ನಾನು ಹಾರಿಸಿದ್ದು ಮರಳ ದಂಡೆಯಿಂದ. ಗುಡ್ಡ ಏರಿದಂತೆ ನೆಲ ಹತ್ತಿರವಾಯಿತು, ಒಂದು ಫೋಟೊ ಮತ್ತೊಂದರ ಮೇಲೆ ಕೂರುವ ಭಾಗ ಕಡಿಮೆಯಾಯಿತು. ನಕ್ಷೆಯ ಮೇಲ್ಭಾಗದಲ್ಲಿ ತೂತು ಬಿತ್ತು. ಮರುದಿನ ಗುಡ್ಡವನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು, ಪ್ರತಿ ಪಟ್ಟಿಗೂ ಬೇರೆ ಎತ್ತರ ಇಟ್ಟು ಮತ್ತೆ ಹಾರಿಸಿದೆ. ಸಮುದ್ರದ ಕಡೆ ಬರೀ ನೀರೇ ಇರುವ ಫೋಟೊಗಳನ್ನು ತೆಗೆದುಹಾಕಿದೆ. ಅಲೆ ಒಂದು ಕಡೆ ನಿಲ್ಲುವುದಿಲ್ಲ, ಸಾಫ್ಟ್‌ವೇರ್ ಅದನ್ನು ಜೋಡಿಸಲಾರದು.

ಅಳತೆಯ ಗುರುತಿಗೆ ಹಾಸಿದ ಬಟ್ಟೆಗಳು ಗಾಳಿಗೆ ಹಾರುತ್ತಿದ್ದವು. ಪಕ್ಕದ ಕಲ್ಲನ್ನು ಸುಮ್ನೆ ಎತ್ತಿಡಬಹುದಿತ್ತು. ಆದರೆ ಬಿದ್ದ ಕಲ್ಲೂ ಯಾವುದೋ ಗೋಡೆಯದು, ಅದು ಬಿದ್ದ ಜಾಗವೂ ದಾಖಲೆಯೇ. ದಂಡೆಯಿಂದ ಮರಳಿನ ಚೀಲ ಹೊತ್ತು ತಂದೆವು.

ಉಗ್ರಾಣಗಳಲ್ಲಿ ಕೆಲವು ನೆಲದೊಳಗೆ ತೋಡಿದವು. ಸುತ್ತ ಕಲ್ಲು ಕಟ್ಟಿದ್ದಾರೆ. ನೋಡಿದ ಕೂಡಲೇ ನಮ್ಮ ಕಡೆಯ ಹಗೇವು ನೆನಪಾಯಿತು. ಮೇಲಿನಿಂದ ತೆಗೆದ ಫೋಟೊದಲ್ಲಿ ಅವು ಬರೀ ಕಪ್ಪು ಚುಕ್ಕೆ. ಡ್ರೋನ್ ಪಕ್ಕಕ್ಕಿಟ್ಟು, ಕ್ಯಾಮೆರಾ ಹಿಡಿದು, ಪ್ರತಿಯೊಂದರ ಅಂಚಿನಲ್ಲೂ ಮಂಡಿಯೂರಿ ಒಳಗಿನ ಫೋಟೊ ತೆಗೆದೆ.